ಫೈಟ್ ಸೀನಿಗೆ ಸಿಂಥ್ ಮತ್ತು ರಾಕ್ ಆರ್‌ಆರ್: ಪಂಚ್ ಯಾಕೆ ಬರುತ್ತಿಲ್ಲ?

ತೀರ್ಥಹಳ್ಳಿ_ಟ್ಯೂನ್
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಗೆಳೆಯರೆಲ್ಲ ಸೇರಿ ಒಂದು ಆಕ್ಷನ್ ಸಿನಿಮಾ ಮಾಡಿದ್ದೇವೆ. ಮರಳು ದಂಧೆಯ ಕಥೆ. ಶೂಟಿಂಗ್ ಮುಗಿದಿದೆ, ಎಡಿಟ್ ಹೆಚ್ಚು ಕಡಿಮೆ ಲಾಕ್ ಆಗಿದೆ. ಆರ್‌ಆರ್ (ರೀರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ) ನನ್ನ ತಲೆ ಮೇಲೆ ಬಂದಿದೆ.

ಡೈರೆಕ್ಟರಿಗೆ ವಯಲಿನ್, ಕೋರಸ್ ಯಾವುದೂ ಬೇಡ. ಎಂಬತ್ತರ ದಶಕದ ಸಿಂಥ್ (ಸಿಂಥಸೈಜರ್), ಜೊತೆಗೆ ರಾಕ್ ಗಿಟಾರ್, ಅಷ್ಟೇ. ನನ್ನ ಹತ್ತಿರ ಇರೋದು ಲ್ಯಾಪ್‌ಟಾಪ್, 49 ಕೀಗಳ ಮಿಡಿ ಕೀಬೋರ್ಡ್, ಸಾಫ್ಟ್‌ವೇರ್ ಸಿಂಥ್‌ಗಳು, ಒಂದು ಗಿಟಾರ್, ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್.

ಎರಡು ದೊಡ್ಡ ಸೀನ್ ಇವೆ. ಒಂದು ಘಾಟಿಯಲ್ಲಿ ಲಾರಿ ಹಿಂದೆ ಬೈಕ್ ಚೇಸ್. ಇನ್ನೊಂದು ಕ್ಲೈಮ್ಯಾಕ್ಸ್ ಫೈಟ್: ಅಡಿಕೆ ಸುಲಿಯುವ ಶೆಡ್ಡು, ಮೇಲೆ ತಗಡಿನ ಶೀಟು, ಹೊರಗೆ ಜಡಿಮಳೆ. ಫೈಟಿಗೆ 130 ಬಿಪಿಎಂನಲ್ಲಿ (ನಿಮಿಷಕ್ಕೆ 130 ಬೀಟ್) ಟ್ರ್ಯಾಕ್ ಮಾಡಿದ್ದೇನೆ. ಬೇಸ್ ಸಿಂಥ್, ಎರಡು ಪ್ಯಾಡ್ (ಹಿನ್ನೆಲೆಯಲ್ಲಿ ಉದ್ದಕ್ಕೆ ಎಳೆಯುವ ಸಿಂಥ್ ದನಿ), ಡ್ರಮ್ಸ್, ಡಿಸ್ಟಾರ್ಷನ್ ಗಿಟಾರ್, ಲೀಡ್ ಎಲ್ಲ ಇದೆ. ಹೆಡ್‌ಫೋನಿನಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಪಿಕ್ಚರ್ ಜೊತೆ ಇಟ್ಟರೆ ಸಪ್ಪೆ. ಡೈರೆಕ್ಟರ್ "ಇನ್ನೂ ಜೋರು ಬೇಕು" ಅನ್ನುತ್ತಾರೆ. ಮೀಟರ್ ಆಗಲೇ ಕೆಂಪು ಮುಟ್ಟಿದೆ, ಇನ್ನೆಲ್ಲಿಗೆ ಜೋರು ಮಾಡಲಿ? ಗೊತ್ತಿದ್ದವರು ಬಿಡಿಸಿ ಹೇಳಿ.

ಗೋಪಿಸರ್ಕಲ್_ಗುಂಡ
ಹೀರೊ ಹೊಡೆತ ಸರಿಯಾಗಿ ಬಿದ್ದಿಲ್ಲ ಅಂದ್ರೆ ಗಿಟಾರ್ ಏನು ಮಾಡುತ್ತೆ ಗುರೂ. ಫೈಟ್ ಮಾಸ್ಟರನ್ನ ಕೇಳು.

ಸಾವ್ಟೂತ್_ಸಾಗರ
ಸಿಂಥಿನಲ್ಲಿ ಯಾವ ಪ್ಯಾಚ್ (ದನಿಯ ಸೆಟ್ಟಿಂಗ್) ಹಾಕಿದ್ದೀರಿ ಅಂತ ಮೊದಲು ಹೇಳಿ. ಹೆಸರಿನಲ್ಲಿ 'ಎಪಿಕ್' ಅಂತ ಇರೋ ರೆಡಿಮೇಡ್ ಪ್ರೀಸೆಟ್ ಆಗಿದ್ದರೆ ಇವತ್ತೇ ಅಳಿಸಿ. ಅಂಥವನ್ನ ಮಾಡೋದೇ ಅಂಗಡಿಯಲ್ಲಿ ಒಂದು ಕೀ ಒತ್ತಿದ ಗಿರಾಕಿ ಬೆರಗಾಗಲಿ ಅಂತ. ಒಂದೊಂದರಲ್ಲೂ ಐದಾರು ಆಸಿಲೇಟರ್ (ದನಿ ಹುಟ್ಟಿಸುವ ಭಾಗ), ಮೇಲೆ ಕೋರಸ್ ಎಫೆಕ್ಟ್, ಅದರ ಮೇಲೆ ರಿವರ್ಬ್ (ಮಾರ್ದನಿ). ಬೇರೆ ವಾದ್ಯ ಕೂರೋಕೆ ಜಾಗವೇ ಇರಲ್ಲ. 1970ರ ಮಿನಿಮೂಗ್ ಸಿಂಥ್‌ನಲ್ಲಿ ಇದ್ದದ್ದು ಮೂರೇ ಆಸಿಲೇಟರ್, ಒಂದು ಸಲಕ್ಕೆ ಒಂದೇ ಸ್ವರ. ಅಷ್ಟರಲ್ಲೇ ಥಿಯೇಟರ್ ನಡುಗಿಸಿದರು.

ಹೀಗೆ ಮಾಡಿ ನೋಡಿ. ಆಸಿಲೇಟರಿನಲ್ಲಿ ಒಂದು ಸಾ ವೇವ್ (ಗರಗಸದ ಹಲ್ಲಿನ ಆಕಾರದ ತರಂಗ), ಅದರ ಒಂದು ಸಪ್ತಕ ಕೆಳಗೆ ಒಂದು ಸ್ಕ್ವೇರ್ (ಚೌಕಾಕಾರದ ತರಂಗ). ಎರಡನ್ನೂ ಲೋ ಪಾಸ್ ಫಿಲ್ಟರ್ (ಕೆಳಗಿನ ಫ್ರೀಕ್ವೆನ್ಸಿ ಮಾತ್ರ ಬಿಡುವಂಥದ್ದು) ಒಳಗೆ ಕಳಿಸಿ, ಕಟ್ಆಫ್ (ಎಲ್ಲಿಯವರೆಗೆ ಬಿಡಬೇಕು ಅನ್ನೋ ಮಿತಿ) ಮುಚ್ಚಿಡಿ. ಫಿಲ್ಟರ್ ಎನ್ವಲಪ್‌ನಲ್ಲಿ (ಪ್ರತಿ ಸ್ವರಕ್ಕೆ ಫಿಲ್ಟರ್ ಹೇಗೆ ತೆರೆದು ಮುಚ್ಚಬೇಕು ಅನ್ನೋದು) ಅಟ್ಯಾಕ್ (ಏರುವ ಸಮಯ) ಸೊನ್ನೆ, ಡಿಕೇ (ಇಳಿಯುವ ಸಮಯ) ಚಿಕ್ಕದು, ಸಸ್ಟೇನ್ (ಆಮೇಲೆ ನಿಲ್ಲುವ ಮಟ್ಟ) ಹತ್ತಿರ ಹತ್ತಿರ ಸೊನ್ನೆ. ಈಗ ಒಂದೇ ಸ್ವರದಲ್ಲಿ ಹದಿನಾರನೇ ನೋಟ್‌ಗಳನ್ನ ಓಡಿಸಿ. ಸುಮ್ನೆ 'ಡುಗುಡುಗುಡುಗು' ಅಂತ ಗಂಟಲಲ್ಲೇ ಇರುತ್ತೆ. ಹದಿನಾರು ಬಾರ್‌ಗಳ ಉದ್ದಕ್ಕೆ ಕಟ್ಆಫನ್ನ ಕೈಯಿಂದ ನಿಧಾನಕ್ಕೆ ತೆರೆಯುತ್ತಾ ಹೋಗಿ. ಮೌಸ್‌ನಿಂದ ಗೆರೆ ಎಳೀಬೇಡಿ, ನಾಬ್ ತಿರುಗಿಸಿಯೇ ರೆಕಾರ್ಡ್ ಮಾಡಿ. ಸ್ವರ ಬದಲಾಗಿರಲ್ಲ, ವಾಲ್ಯೂಮ್ ಏರಿಸಿರಲ್ಲ, ಆದರೂ ಏನೋ ಹತ್ತಿರ ಬರುತ್ತಿದೆ ಅಂತ ನೋಡುವವನ ಎದೆಗೆ ಗೊತ್ತಾಗುತ್ತೆ. ಗಿಟಾರ್ ಬರಬೇಕಾದ್ದು ಅದು ಪೂರ್ತಿ ತೆರೆದುಕೊಂಡ ಮೇಲೆ.

ಆರ್ಕೆಸ್ಟ್ರಾ_ಮಾವ
ನಾನು ಗಣಪತಿ ಪೆಂಡಾಲ್‌ಗಳಲ್ಲಿ ಕೀಬೋರ್ಡ್ ನುಡಿಸಿ ಬೆಳೆದವನು. ಎಂಬತ್ತರ ಸೌಂಡ್ ಬೇಕು ಅಂದರೆ ಡಿಎಕ್ಸ್7 ಸಿಂಥ್ ಬೇಕೇ ಬೇಕು. ಆ ಅನಲಾಗ್ ಬೆಚ್ಚಗಿನ ಬೇಸ್ ಈಗಿನ ಲ್ಯಾಪ್‌ಟಾಪಿನಲ್ಲಿ ಎಲ್ಲಿ ಬರಬೇಕು.

ಸಾವ್ಟೂತ್_ಸಾಗರ
ಮಾವಾ, ಡಿಎಕ್ಸ್7 ಅನಲಾಗ್ ಅಲ್ಲವೇ ಅಲ್ಲ. ಯಮಹಾ ಅದನ್ನ 1983ರಲ್ಲಿ ತಂದಿದ್ದೇ ಪೂರ್ತಿ ಡಿಜಿಟಲ್ ಎಫ್‌ಎಂ (ಒಂದು ತರಂಗದಿಂದ ಇನ್ನೊಂದನ್ನ ಅಲುಗಿಸಿ ದನಿ ಮಾಡುವ) ಸಿಂಥ್ ಅಂತ. ಗಂಟೆ, ಎಲೆಕ್ಟ್ರಿಕ್ ಪಿಯಾನೊ, ಲೋಹದ ಟಣಟಣ, ಕಟಕಟ ಅನ್ನೋ ಬೇಸ್, ಇವು ಅದರ ಶಕ್ತಿ. ನೀವು ಹೇಳುವ ಬೆಚ್ಚಗಿನ ದಪ್ಪ ದನಿ ಮೂಗ್, ಒಬರ್‌ಹೈಮ್, ಜುನೊ ಅಂಥ ಅನಲಾಗ್ ಸಿಂಥ್‌ಗಳದ್ದು.

ಆರ್ಕೆಸ್ಟ್ರಾ_ಮಾವ
ಡಿಜಿಟಲ್ಲೋ ಅನಲಾಗೋ, ನುಡಿಸುವಾಗ ಜನ ಕುಣೀತಿದ್ದರು ಮಾರಾಯ. ಅದು ಮುಖ್ಯ.

ಮಿಕ್ಸಿಂಗ್_ಮೇಷ್ಟ್ರು
ಜೋರು ಮಾಡೋ ಪ್ರಶ್ನೆಯೇ ಅಲ್ಲ ಇದು. ನಿಮ್ಮ ಟ್ರ್ಯಾಕ್ ಕೇಳದೆಯೇ ಒಂದು ಮಾತು ಕೇಳುತ್ತೇನೆ. ಎಫೆಕ್ಟ್ಸ್ ಟ್ರ್ಯಾಕ್ (ಗುದ್ದು, ಮಳೆ, ಎಂಜಿನ್ ಥರದ ಸದ್ದುಗಳು) ಜೊತೆ ಇಟ್ಟುಕೊಂಡು ಕಂಪೋಸ್ ಮಾಡಿದಿರಾ, ಇಲ್ಲಾ ಮೂಕಿ ಪಿಕ್ಚರ್ ನೋಡಿಕೊಂಡು ಮಾಡಿದಿರಾ?

ತೀರ್ಥಹಳ್ಳಿ_ಟ್ಯೂನ್
ಎಫೆಕ್ಟ್ಸ್ ಇನ್ನೂ ಬಂದಿಲ್ಲ ಸರ್. ಪೈಲಟ್ ಸೌಂಡ್ (ಶೂಟಿಂಗ್ ವೇಳೆ ಹಿಡಿದದ್ದು) ಇದೆ, ಆದರೆ ಅದರಲ್ಲಿ ಬರೀ ಮಳೆ ಮತ್ತು ಡೈರೆಕ್ಟರ್ ಕೂಗು.

ಮಿಕ್ಸಿಂಗ್_ಮೇಷ್ಟ್ರು
ಹಾಗಾದರೆ ಅಲ್ಲೇ ಇದೆ ನೋಡಿ. ಆಕ್ಷನ್ ಸೀನಿನಲ್ಲಿ ಪಂಚ್ ಅನ್ನೋದು ನಿಮ್ಮ ಡ್ರಮ್ಮಿನಿಂದ ಬರಲ್ಲ, ಗುದ್ದಿನ ಸೌಂಡಿನಿಂದ ಬರುತ್ತೆ. ನಿಮ್ಮ ಕೆಲಸ ಆ ಗುದ್ದಿಗೆ ಜಾಗ ಬಿಡೋದು. ಕಿಕ್ ಡ್ರಮ್ಮಿನ ತೂಕ 50, 60 ಹರ್ಟ್ಸ್ ಆಸುಪಾಸು. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಸ್. ಗಿಟಾರಿನ ಆರನೇ ತಂತಿ 82. ಲಾರಿ ಎಂಜಿನ್ನಿನ ಗುಡುಗು, ಮೈಮೇಲೆ ಬೀಳುವ ಏಟಿನ 'ಧಪ್', ಬಾಗಿಲು ಮುರಿಯೋದು, ಇವೆಲ್ಲವೂ ಹೆಚ್ಚು ಕಡಿಮೆ ಅದೇ ಕೇರಿಯಲ್ಲಿ ಮನೆ ಮಾಡಿವೆ. ಎಲ್ಲರೂ ಅಲ್ಲೇ ತುಂಬಿಕೊಂಡರೆ ಯಾರ ಮಾತೂ ಕೇಳಲ್ಲ.

ಘಾಟಿ ಸೀನಿನಲ್ಲಿ ಲಾರಿಯೂ ಒಂದು ವಾದ್ಯ ಅಂತ ಲೆಕ್ಕ ಹಾಕಿ. ಅದು ಗುಡುಗುವಾಗ ನಿಮ್ಮ ಬೇಸ್ ಸಿಂಥ್ ಒಂದು ಸಪ್ತಕ ಮೇಲೆ ಹೋಗಲಿ. ತಿರುವಿನಲ್ಲಿ ಕ್ಯಾಮರಾ ದೂರ ಹೋಗಿ ಲಾರಿ ಸೌಂಡ್ ಇಳಿದಾಗ ಬೇಸ್ ಕೆಳಗೆ ಬಂದು ಕೂರಲಿ. ಗಿಟಾರಿಗೆ 100 ಹರ್ಟ್ಸ್ ಕೆಳಗೆ ಪೂರ್ತಿ ಕಟ್ ಮಾಡಿ. ಒಂಟಿಯಾಗಿ ಕೇಳಿದರೆ ತೆಳ್ಳಗೆ ಅನಿಸುತ್ತೆ, ಹೆದರಬೇಡಿ.

ಇನ್ನೊಂದು: ಮಾತು ಇದ್ದರೆ ಡಿಸ್ಟಾರ್ಷನ್ ಗಿಟಾರ್ ಇಳಿಸಲೇಬೇಕು. ಮಾತು ಸ್ಪಷ್ಟವಾಗಿ ಕೇಳೋದು 1ರಿಂದ 4 ಕಿಲೋಹರ್ಟ್ಸ್ ನಡುವೆ, ಡಿಸ್ಟಾರ್ಷನ್ನಿನ ಹಲ್ಲು ಇರೋದೂ ಅಲ್ಲೇ. ವಿಲನ್ ಡೈಲಾಗ್ ಕೇಳದಿದ್ದರೆ ಡೈರೆಕ್ಟರ್ ಮಿಕ್ಸಿಂಗ್ ದಿನ ನಿಮ್ಮ ಇಡೀ ಗಿಟಾರ್ ಸ್ಟೆಮ್ಮನ್ನೇ (ಗಿಟಾರಿನದ್ದೇ ಬೇರೆ ಫೈಲ್) ಮ್ಯೂಟ್ ಮಾಡಿಸ್ತಾರೆ. ಆಗ ಅಳಬೇಡಿ.

ಬಿಎಚ್‌ರೋಡ್_ಬೇಸ್
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಿಟಾರನ್ನ ಎರಡು ಸಲ ನುಡಿಸಿ, ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ಖಾಲಿ ಇರಲಿ, ಅಲ್ಲಿ ಮಾತು ಬರುತ್ತೆ.

ತೀರ್ಥಹಳ್ಳಿ_ಟ್ಯೂನ್
ಒಂದೇ ಟೇಕನ್ನ ಕಾಪಿ ಮಾಡಿ ಎರಡು ಕಡೆ ಇಟ್ಟರೆ ಆಗಲ್ವಾ?

ಬಿಎಚ್‌ರೋಡ್_ಬೇಸ್
ಆಗಲ್ಲ. ಎರಡೂ ಒಂದೇ ಆದರೆ ಕಿವಿಗೆ ನಡುವಿನಿಂದಲೇ ಬಂದ ಹಾಗೆ ಕೇಳುತ್ತೆ. ಕೂದಲೆಳೆಯಷ್ಟು ಹೆಚ್ಚು ಕಮ್ಮಿ ಇದ್ದರೇ ಅಗಲ ಬರೋದು. ಸೋಂಬೇರಿತನ ಬೇಡ, ಇನ್ನೊಂದು ಸಲ ನುಡಿಸಿ.

ಆಮೇಲೆ ಪವರ್ ಕಾರ್ಡ್ ಸಾಕು, ಪೂರ್ತಿ ಕಾರ್ಡ್ ಹಿಡೀಬೇಡಿ. ಷಡ್ಜ, ಪಂಚಮ ಎರಡೇ. ಗಾಂಧಾರ ಸೇರಿಸಿದರೆ ಡಿಸ್ಟಾರ್ಷನ್ನಿನಲ್ಲಿ ಕಲಸುಮೇಲೋಗರ ಆಗುತ್ತೆ. ಗಾಂಧಾರ ಇಲ್ಲದಿದ್ದರೆ ಸಂತೋಷವೋ ದುಃಖವೋ ಅಂತ ಗಿಟಾರ್ ಹೇಳಲ್ಲ, ಆ ತೀರ್ಮಾನವನ್ನ ಸಿಂಥ್ ಕೈಗೆ ಬಿಡಬಹುದು. ಆರನೇ ತಂತಿಯನ್ನ 'ಡಿ' ಸ್ವರಕ್ಕೆ ಇಳಿಸಿಕೊಳ್ಳಿ, ಒಂದೇ ಬೆರಳಲ್ಲಿ ಪವರ್ ಕಾರ್ಡ್ ಸಿಗುತ್ತೆ, ಓಡಾಟ ಸಲೀಸು.

ಕಟ್ಟಿಂಗ್_ರೂಮ್
ನಾನು ಎಡಿಟರ್. 130 ಬಿಪಿಎಂ ಅಂದಿರಲ್ಲ, ಅದನ್ನ ಯಾಕೆ ಆರಿಸಿದಿರಿ?

ತೀರ್ಥಹಳ್ಳಿ_ಟ್ಯೂನ್
ಸುಮ್ನೆ, ನುಡಿಸುವಾಗ ಸರಿ ಅನಿಸಿತು ಅಕ್ಕ.

ಕಟ್ಟಿಂಗ್_ರೂಮ್
ಅನಿಸಿದ್ದು ಸರಿಯೇ ಇರಬಹುದು, ಆದರೂ ಲೆಕ್ಕ ಒಂದು ತಿಳಿದಿರಲಿ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ಈ 1440ನ್ನ ಬಿಪಿಎಂನಿಂದ ಭಾಗಿಸಿದರೆ ಒಂದು ಬೀಟಿಗೆ ಎಷ್ಟು ಫ್ರೇಮ್ ಅಂತ ಸಿಗುತ್ತೆ. 120ಕ್ಕೆ 12 ಫ್ರೇಮ್. 144ಕ್ಕೆ 10. 160ಕ್ಕೆ 9. ನಿಮ್ಮ 130ಕ್ಕೆ 11.08. ಬೀಟ್ ಯಾವತ್ತೂ ಫ್ರೇಮ್ ಮೇಲೆ ನೆಟ್ಟಗೆ ಕೂರಲ್ಲ, ಸ್ವಲ್ಪ ಸ್ವಲ್ಪವೇ ಜಾರುತ್ತಾ ಹೋಗುತ್ತೆ. ಕಂಪ್ಯೂಟರಿಗೆ ಅದೇನೂ ಕಷ್ಟವಲ್ಲ. ಆದರೆ ಎಡಿಟರೂ ನೀವೂ ಕೂತು "ಈ ಹೊಡೆತ ಎರಡು ಫ್ರೇಮ್ ಹಿಂದೆ ಬರಲಿ" ಅಂತ ಮಾತಾಡುವಾಗ 120 ಅಥವಾ 144 ಇದ್ದರೆ ಜಗಳ ಕಮ್ಮಿ.

ಎಲ್ಲ ಕಟ್ಟಿಗೂ ಬೀಟ್ ಬೀಳಿಸಬೇಡಿ ಮಾತ್ರ. ಹಾಗೆ ಮಾಡಿದರೆ ಬೈಕ್ ಜಾಹೀರಾತು ನೋಡಿದ ಹಾಗಿರುತ್ತೆ. ಒಂದು ಫೈಟಿನಲ್ಲಿ ಮೂರೋ ನಾಲ್ಕೋ ಜಾಗ ಆರಿಸಿ: ಕತ್ತಿ ಕೈಬಿಟ್ಟದ್ದು, ಲೈಟ್ ಒಡೆದದ್ದು, ಹೀರೊ ಎದ್ದು ನಿಂತದ್ದು. ಅಲ್ಲಿ ಮಾತ್ರ ಮ್ಯೂಸಿಕ್ ಹೊಡೀಲಿ. ಅದೂ ಕಟ್ ಆದ ಒಂದೆರಡು ಫ್ರೇಮ್ ಆಮೇಲೆ. ಕಣ್ಣು ಮೊದಲು ನೋಡಬೇಕು, ಕಿವಿ ಹಿಂದಿನಿಂದ ಬಂದು ಒಪ್ಪಿಸಬೇಕು.

ಗೋಪಿಸರ್ಕಲ್_ಗುಂಡ
ನಮ್ಮಲ್ಲಿ ಹೀರೊ ಕಾಲು ಎತ್ತುವ ಮೊದಲೇ ಮ್ಯೂಸಿಕ್ ಬರಬೇಕು. ಇಲ್ಲಾಂದ್ರೆ ಶಿಳ್ಳೆ ಬೀಳಲ್ಲ.

ಕಟ್ಟಿಂಗ್_ರೂಮ್
ಎಂಟ್ರಿ ಬೇರೆ, ಫೈಟ್ ಬೇರೆ. ಎಂಟ್ರಿಯಲ್ಲಿ ಮೊದಲೇ ಬರಲಿ, ಬೇಡ ಅಂದವರು ಯಾರು.

ಮದ್ದಲೆ_ಮಗ
ಹೊಸನಗರದ ಕಡೆಯವನು, ಯಕ್ಷಗಾನದ ಹಿಮ್ಮೇಳದಲ್ಲಿ ಕೂತು ರೂಢಿ. ಎಲ್ಲರೂ ನಾಲ್ಕರ ಎಣಿಕೆಯಲ್ಲೇ ಮಾತಾಡುತ್ತಿದ್ದೀರಿ. ಚೇಸ್ ಸೀನಿಗೆ ಐದು ಯಾಕೆ ಬೇಡ? ತಕ ತಕಿಟ, ತಕ ತಕಿಟ. ಕಾಲು ನೆಲಕ್ಕೆ ಸರಿಯಾಗಿ ಊರುವ ಮೊದಲೇ ಮುಂದಿನ ಹೆಜ್ಜೆ ಬಂದುಬಿಡುತ್ತೆ. ನೋಡುವವನಿಗೆ ಕಾರಣ ಗೊತ್ತಾಗಲ್ಲ, ಕೂತಲ್ಲಿ ಕೂರಲು ಆಗಲ್ಲ. ರಂಗಸ್ಥಳದಲ್ಲಿ ಝಂಪೆ ತಾಳದಲ್ಲಿ ಈ ಗುಣವನ್ನ ಎಷ್ಟೋ ಸಲ ನೋಡಿದ್ದೇನೆ.

ಸಾವ್ಟೂತ್_ಸಾಗರ
ಪಾಯಿಂಟ್ ಇದೆ. ಜಾನ್ ಕಾರ್ಪೆಂಟರ್ 1978ರ 'ಹಾಲೊವೀನ್' ಸಿನಿಮಾಗೆ ಮಾಡಿದ ಪಿಯಾನೊ ಥೀಮ್ ಐದರ ಎಣಿಕೆಯದ್ದೇ. ಬಾಂಗೊ ಮೇಲೆ ಆ ಐದನ್ನ ಹೇಳಿಕೊಟ್ಟದ್ದು ಅವರ ಅಪ್ಪ. ಡೈರೆಕ್ಟರ್ ಅವರೇ, ಮ್ಯೂಸಿಕ್ಕೂ ಅವರದ್ದೇ. ಕೈಯಲ್ಲಿ ದುಡ್ಡಿರಲಿಲ್ಲ, ಅದಕ್ಕೇ ಆ ಖಾಲಿತನ.

ಇನ್ನೂ ಮಜಾ 1984ರ 'ಟರ್ಮಿನೇಟರ್'ನದ್ದು. ಅದರ ಮ್ಯೂಸಿಕ್ ಮಾಡಿದ ಬ್ರಾಡ್ ಫೀಡೆಲ್ ಪ್ರಾಫೆಟ್-10 ಸಿಂಥ್‌ನ ಸೀಕ್ವೆನ್ಸರಿನಲ್ಲಿ (ನುಡಿಸಿದ್ದನ್ನ ಮತ್ತೆ ಮತ್ತೆ ಓಡಿಸುವ ಭಾಗ) ಲೂಪನ್ನ ಕೈಯಿಂದಲೇ ಕಟ್ ಮಾಡಿದ್ದರು, ಅದು ಯಾವ ಸಲೀಸಾದ ಎಣಿಕೆಗೂ ಕೂರಲಿಲ್ಲ. ಅವರು ಹಾಗೇ ಬಿಟ್ಟರು. ಎಣಿಸಿ ನೋಡಿದವರು ಹದಿಮೂರು ಅನ್ನುತ್ತಾರೆ: 3, 3, 2, 3, 2.

ಮದ್ದಲೆ_ಮಗ
ತಕಿಟ ತಕಿಟ ತಕ ತಕಿಟ ತಕ. ಬಾಯಲ್ಲಿ ಹೇಳಿಕೊಂಡರೆ ಏನೂ ಕಷ್ಟ ಇಲ್ಲ. ನಾಲ್ಕು ಸಲ ಹೇಳಿ, ಕೈ ತಾನೇ ಹಿಡಿಯುತ್ತೆ.

ಬಿಎಚ್‌ರೋಡ್_ಬೇಸ್
ಆಫೀಸಲ್ಲಿ ಟೇಬಲ್ ಮೇಲೆ ಹೊಡೆದು ನೋಡ್ತಾ ಇದೀನಿ, ಪಕ್ಕದವರು ಗುರಾಯಿಸ್ತಾ ಇದಾರೆ.

ನೆಹರೂರೋಡ್_ರೀಲ್
ನೋಡಿ, ಮಲೆನಾಡಿನ ಸಿನಿಮಾ ಅಂದ ಕೂಡಲೇ ಯಕ್ಷಗಾನ, ಚಂಡೆ, ಡೊಳ್ಳು ತರೋದು ಶುರುವಾಯಿತು. ಸಾಕಾಗಿದೆ ನನಗೆ. ಟ್ರೈಲರ್‌ಗಳಲ್ಲೆಲ್ಲ ಅದೇ. ಡೈರೆಕ್ಟರ್ ಸಿಂಥ್, ರಾಕ್ ಅಂತ ಬಾಯಿಬಿಟ್ಟು ಹೇಳಿದ್ದಾರೆ, ಅದನ್ನೇ ಮಾಡಲಿ ಬಿಡಿ.

ಮದ್ದಲೆ_ಮಗ
ಓದಿ ಮಾತಾಡಿ ಮಾರಾಯ್ರೆ. ಚಂಡೆ ತನ್ನಿ ಅಂತ ನಾನೆಲ್ಲಿ ಹೇಳಿದೆ? ಎಣಿಕೆ ತನ್ನಿ ಅಂದೆ. ಆ ಹದಿಮೂರನ್ನ ಸಿಂಥಿನಲ್ಲೇ ನುಡಿಸಿ, ಗಿಟಾರಿನಲ್ಲೇ ನುಡಿಸಿ, ನನಗೇನು.

ನೆಹರೂರೋಡ್_ರೀಲ್
ಸರಿ, ಅದಾದರೆ ಒಪ್ಪಿದೆ. ಆದರೆ ಶಿಳ್ಳೆ ಹೊಡೆಯುವ ಪ್ರೇಕ್ಷಕ ಹದಿಮೂರಕ್ಕೆ ಚಪ್ಪಾಳೆ ತಟ್ಟಲು ಆಗುತ್ತಾ? ಮಾಸ್ ಸಿನಿಮಾಗೆ ನಾಲ್ಕೇ ಸರಿ ಅನ್ನೋದು ನನ್ನ ವಾದ.

ಮಿಕ್ಸಿಂಗ್_ಮೇಷ್ಟ್ರು
ಎರಡೂ ಇಟ್ಟುಕೊಳ್ಳಬಹುದು. ವಿಲನ್ ಕೈ ಮೇಲಾಗಿರುವಾಗ ಐದೋ ಹದಿಮೂರೋ ಓಡಲಿ. ಹೀರೊ ತಿರುಗಿಬಿದ್ದ ಕ್ಷಣಕ್ಕೆ ನೆಟ್ಟಗೆ ನಾಲ್ಕಕ್ಕೆ ಬಂದು ಕೂರಲಿ, ಗಿಟಾರ್ ಅಲ್ಲಿ ಬರಲಿ. ಚಪ್ಪಾಳೆ ಅಲ್ಲೇ ಬೀಳುತ್ತೆ.

ಅಡಿಕೆ_ಶೆಡ್
ಇಷ್ಟೆಲ್ಲ ಓದಿದೆ, ಅರ್ಧ ಅರ್ಥ ಆಗಲಿಲ್ಲ. ನಮ್ಮದು ಕೋಣಂದೂರು ಕಡೆ ತೋಟ. ಫೈಟ್ ನಡೆಯೋದು ಅಡಿಕೆ ಶೆಡ್ಡಿನಲ್ಲಿ ಅಂದಿರಲ್ಲ, ಸುಲಿಯುವ ಮೆಷಿನ್ ಓಡುತ್ತಾ ಇರುತ್ತಾ ಅಲ್ಲಿ? ಅದರ ಸದ್ದು ಕೇಳಿದ್ದೀರಾ? ಬೆಲ್ಟಿನದ್ದು ಒಂದೇ ಸಮ ಗುಂಯ್ ಅಂತ ಇರುತ್ತೆ, ಅದರ ಮೇಲೆ ಕಾಯಿ ಬ್ಲೇಡಿಗೆ ಸಿಕ್ಕಾಗ ಕಟ್, ಕಟ್ ಕಟ್, ಕಟ್. ಕಾಯಿ ಕಮ್ಮಿ ಇದ್ದರೆ ತಾಳ ತಪ್ಪಿದ ಹಾಗೆ ಇರುತ್ತೆ, ಬುಟ್ಟಿ ಸುರಿದ ಕೂಡಲೇ ಒಮ್ಮೆಲೇ ದಟ್ಟ ಆಗುತ್ತೆ. ಸುಗ್ಗಿಯಲ್ಲಿ ರಾತ್ರಿಯೆಲ್ಲ ಅದನ್ನೇ ಕೇಳಿ ಮಲಗೋದು ನಾವು.

ಸಾವ್ಟೂತ್_ಸಾಗರ
ಅಣ್ಣಾ, ಈ ಥ್ರೆಡ್ಡಿನಲ್ಲಿ ಇದುವರೆಗೆ ಬಂದ ಐಡಿಯಾಗಳಲ್ಲಿ ಇದೇ ಮೇಲು!

ಟ್ಯೂನ್ ಅವರೇ, ಇದನ್ನ ಬಿಡಬೇಡಿ. ಮೆಷಿನ್ ಪಕ್ಕ ರೆಕಾರ್ಡರ್ ಇಟ್ಟು ಹತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಆ 'ಕಟ್'ಗಳನ್ನ ಒಂದೊಂದೇ ಕತ್ತರಿಸಿ ಸ್ಯಾಂಪ್ಲರಿಗೆ (ರೆಕಾರ್ಡ್ ಮಾಡಿದ ಸದ್ದನ್ನ ಕೀಯಿಂದ ನುಡಿಸುವ ಸಾಫ್ಟ್‌ವೇರ್) ಹಾಕಿ, ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಜಾಗದಲ್ಲಿ ನುಡಿಸಿ. ಗುಂಯ್ ಅನ್ನೋದನ್ನ ಯಾವ ಸ್ವರ ಅಂತ ಕಂಡುಹಿಡಿದು ಅದೇ ಶ್ರುತಿಗೆ ನಿಮ್ಮ ಬೇಸ್ ಸಿಂಥ್ ಕೂರಿಸಿ. ಸೀನ್ ಶುರುವಿನಲ್ಲಿ ಪ್ರೇಕ್ಷಕ ಬರೀ ಮೆಷಿನ್ ಕೇಳುತ್ತಿರುತ್ತಾನೆ. ಯಾವಾಗ ಅದು ಮ್ಯೂಸಿಕ್ ಆಯಿತು ಅಂತ ಅವನಿಗೆ ಗೊತ್ತೇ ಆಗಬಾರದು. ಫೀಡೆಲ್ ಕೂಡ ಆ ಲೋಹದ ಬಡಿತಕ್ಕೆ ಅಡುಗೆ ಮನೆಯ ಕಬ್ಬಿಣದ ಬಾಣಲೆ ಬಡಿದವರೇ.

ಅಡಿಕೆ_ಶೆಡ್
ಬಾಣಲೆ ಬೇಡ, ಅಡಿಕೆ ಬೇಯಿಸುವ ತಾಮ್ರದ ಹಂಡೆ ಇದೆ. ಖಾಲಿ ಇದ್ದಾಗ ಬಡಿದರೆ ಗಂಟೆ ತರ ಉದ್ದಕ್ಕೆ ಎಳೆಯುತ್ತೆ. ನೀರು ತುಂಬುತ್ತಾ ಬಡಿದರೆ ದನಿ ಬದಲಾಗುತ್ತೆ. ಬನ್ನಿ, ಮೆತ್ತಗೆ ಬಡೀಬೇಕು ಅಷ್ಟೇ, ನೆಗ್ಗಿದರೆ ಅಪ್ಪಯ್ಯ ಬಿಡಲ್ಲ.

ಸಾವ್ಟೂತ್_ಸಾಗರ
ಎರಡು ಸಪ್ತಕ ಇಳಿಸಿದರೆ ಆ ಹಂಡೆಯೇ ವಿಲನ್ ಥೀಮ್. ಮಳೆಯನ್ನೂ ಬಿಡಬೇಡಿ. ಶೀಟಿನ ಮೇಲಿನ ಮಳೆ ಅಂದರೆ ಹತ್ತಿರ ಹತ್ತಿರ ವೈಟ್ ನಾಯ್ಸ್. ಸಿಂಥಿನಲ್ಲಿ ರೈಸರ್ (ಏರುತ್ತಾ ಹೋಗುವ ಸದ್ದು) ಮಾಡೋದೂ ನಾಯ್ಸಿನಿಂದಲೇ ಅಲ್ವಾ? ನಿಜವಾದ ಮಳೆಯನ್ನೇ ಫಿಲ್ಟರಿಗೆ ಹಾಕಿ ಮುಚ್ಚಿ, ತೆರೆಯಿರಿ. ಆಗುಂಬೆ ಬಗಲಲ್ಲೇ ಇದೆ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುತ್ತೆ. ಸ್ಯಾಂಪಲ್ ಪ್ಯಾಕಿಗೆ ದುಡ್ಡು ಕೊಡೋದು ಎಂತಕ್ಕೆ?

ಮಿಕ್ಸಿಂಗ್_ಮೇಷ್ಟ್ರು
ಎಚ್ಚರಿಕೆ: ಆ ಮಳೆ ನಾಯ್ಸ್ ಇಡೀ ಸೀನಿನಲ್ಲಿ ಎಫೆಕ್ಟ್ಸ್ ಆಗಿ ಇದ್ದೇ ಇರುತ್ತೆ. ಮೇಲಿನ ಫ್ರೀಕ್ವೆನ್ಸಿಯೆಲ್ಲ ಅದೇ ನುಂಗಿರುತ್ತೆ. ಸಿಂಬಲ್, ಹೈಹ್ಯಾಟ್ ಎಷ್ಟು ಹೊಡೆದರೂ ಕೇಳಲ್ಲ. ಅಡಿಕೆ ಮೆಷಿನ್ನಿನ 'ಕಟ್' ಕೇಳುತ್ತೆ ಯಾಕೆಂದರೆ ಅದಕ್ಕೆ ನಡುವಿನ ಮೈ ಇದೆ. ಜೀರುಂಡೆ ಇರುವ ರಾತ್ರಿ ಸೀನಿಗೂ ಇದೇ ಮಾತು.

ಆರ್ಕೆಸ್ಟ್ರಾ_ಮಾವ
ಮಳೆ ಅಂದಾಗ ನೆನಪಾಯಿತು. ನಮ್ಮ ಕಡೆ ಕೀಬೋರ್ಡಿಗೆ ಆಷಾಢ ಮುಗಿಯುವಷ್ಟರಲ್ಲಿ ಬೂಸ್ಟು ಬಂದಿರುತ್ತೆ. ನಾಬ್ ತಿರುಗಿಸಿದರೆ ಬರಬರ ಸದ್ದು. ಗಿಟಾರ್ ತಂತಿ ತುಕ್ಕು. ನಿಮ್ಮ ಸಾಮಾನನ್ನೆಲ್ಲ ಹೇಗೆ ಇಡುತ್ತೀರಿ?

ಬಿಎಚ್‌ರೋಡ್_ಬೇಸ್
ಗಿಟಾರ್ ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ. ನುಡಿಸಿದ ಮೇಲೆ ತಂತಿ ಒಣಬಟ್ಟೆಯಲ್ಲಿ ಒರೆಸಿಡೋದು. ರೂಮಿನಲ್ಲಿ ಒಂದು 40 ವ್ಯಾಟಿನ ಬಲ್ಬು ದಿನವೆಲ್ಲ ಉರಿಸಿಟ್ಟರೂ ತಕ್ಕಮಟ್ಟಿಗೆ ನಡೆಯುತ್ತೆ.

ಆರ್ಕೆಸ್ಟ್ರಾ_ಮಾವ
ಬಲ್ಬು ಉರಿಯಲು ಕರೆಂಟ್ ಇರಬೇಕಲ್ಲಪ್ಪ.

ಗೋಪಿಸರ್ಕಲ್_ಗುಂಡ
ಮಾವ ಇವತ್ತಿನ ಪಂದ್ಯ ಪುರುಷೋತ್ತಮ 😂

ತೀರ್ಥಹಳ್ಳಿ_ಟ್ಯೂನ್
ಎಲ್ಲರಿಗೂ ಥ್ಯಾಂಕ್ಸ್. ಒಂದು ಅಪ್‌ಡೇಟ್ ಹೇಳುತ್ತೇನೆ. ಎರಡು ಪ್ಯಾಡನ್ನೂ ತೆಗೆದೆ. ಟೆಂಪೊ 144 ಮಾಡಿದೆ. ಫೈಟಿನ ಮೊದಲ ಅರ್ಧದಲ್ಲಿ ಡ್ರಮ್ಸೇ ಇಲ್ಲ, ಬರೀ ಬೇಸ್ ಸಿಂಥ್, ಹದಿಮೂರರ ಎಣಿಕೆ. ಎಡಿಟರ್ ಗೆಳೆಯನ ಹತ್ತಿರ ತಾತ್ಕಾಲಿಕ ಎಫೆಕ್ಟ್ಸ್ ಹಾಕಿಸಿಕೊಂಡೆ. ಹೀರೊ ಕಂಬಕ್ಕೆ ಬಿದ್ದು ಏಳುವ ಶಾಟ್ ಹಿಂದೆ ಒಂದೂವರೆ ಸೆಕೆಂಡ್ ಏನೂ ಇಲ್ಲ, ಮಳೆ ಮಾತ್ರ. ಆಮೇಲೆ ಗಿಟಾರ್ ಮತ್ತು ಡ್ರಮ್ಸ್ ಒಟ್ಟಿಗೆ. ಮೀಟರ್ ನೋಡಿದರೆ ಮೊದಲಿಗಿಂತ ಕೆಳಗೇ ಇದೆ. ಡೈರೆಕ್ಟರ್ ಕೇಳಿದ್ದು, "ಈಗ ಜೋರು ಮಾಡಿದೆಯಲ್ಲ, ಮೊದಲೇ ಮಾಡೋಕೆ ಏನಾಗಿತ್ತು?"

ಹೊಸ ತೊಂದರೆ ಒಂದಿದೆ. ಚೇಸ್ ಸೀನಿನ ರೀಲ್ ಶುರುವಿನಲ್ಲಿ ಸಿಂಕ್ ಸರಿಯಿದೆ. ರೀಲಿನ ಕೊನೆಗೆ ಬರುವಷ್ಟರಲ್ಲಿ ಮ್ಯೂಸಿಕ್ ಮುಂದೆ ಓಡಿರುತ್ತೆ. ಟೆಂಪೊ ಬದಲಾಯಿಸಿಲ್ಲ.

ಕಟ್ಟಿಂಗ್_ರೂಮ್
ನಿಮಗೆ ಕೊಟ್ಟ ವಿಡಿಯೊ 23.976 ಫ್ರೇಮಿನದ್ದಾ 24ರದ್ದಾ ನೋಡಿ. ಎಷ್ಟು ಜಾರಿದೆ?

ತೀರ್ಥಹಳ್ಳಿ_ಟ್ಯೂನ್
ವಿಡಿಯೊ 23.976 ಅಂತ ತೋರಿಸುತ್ತಿದೆ ಅಕ್ಕ. ನನ್ನ ಪ್ರಾಜೆಕ್ಟ್ 24. ಹತ್ತು ನಿಮಿಷದ ಹೊತ್ತಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ.

ಕಟ್ಟಿಂಗ್_ರೂಮ್
ಅದೇ. ವ್ಯತ್ಯಾಸ ಸಾವಿರಕ್ಕೆ ಒಂದು, ಹತ್ತು ನಿಮಿಷಕ್ಕೆ 0.6 ಸೆಕೆಂಡ್. ಲೆಕ್ಕ ಸರಿಯಾಗಿ ಕೂಡಿತು. ಎಡಿಟ್ ಯಾವುದರಲ್ಲಿ ಕೂತಿದೆ, ಥಿಯೇಟರಿಗೆ ಯಾವುದರಲ್ಲಿ ಹೋಗುತ್ತೆ ಅಂತ ನಿಮ್ಮ ಎಡಿಟರ್ ಹತ್ತಿರ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಆಮೇಲೆ ಎಲ್ಲರೂ ಅದೇ ಸಂಖ್ಯೆಯಲ್ಲಿ ಕೆಲಸ ಮಾಡಿ. ಆಡಿಯೊ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಪ್ರತಿ ರೀಲಿನ ಶುರುವಿಗೆ ಎರಡು ಸೆಕೆಂಡ್ ಮೊದಲು ಒಂದು 'ಬೀಪ್' ಹಾಕಿ ಕೊಡಿ, ಮಿಕ್ಸಿಂಗಿನವರು ನಿಮ್ಮನ್ನ ಹರಸುತ್ತಾರೆ.

ಮಿಕ್ಸಿಂಗ್_ಮೇಷ್ಟ್ರು
ಹರಸುತ್ತೇವೆ. ಸ್ಟೆಮ್ಸ್ ಕೂಡ ಬೇರೆ ಬೇರೆ ಕೊಡಿ: ಡ್ರಮ್ಸ್, ಬೇಸ್, ಸಿಂಥ್, ಗಿಟಾರ್, ಹಂಡೆ ಮತ್ತು ಮೆಷಿನ್. ಒಂದೇ ಸ್ಟೀರಿಯೊ ಫೈಲ್ ತಂದು ಕೊಟ್ಟು "ಗಿಟಾರ್ ಸ್ವಲ್ಪ ಇಳಿಸಿ ಸರ್" ಅನ್ನುವವರನ್ನ ಕಂಡರೆ ನನಗೆ ಬಿಪಿ ಏರುತ್ತೆ. ಮಾಸ್ಟರಿಂಗ್ ಲಿಮಿಟರ್ (ಸೌಂಡ್ ಮಿತಿ ದಾಟದಂತೆ ಒತ್ತಿ ಹಿಡಿಯುವಂಥದ್ದು) ತೆಗೆದೇ ಕಳಿಸಿ.

ನೆಹರೂರೋಡ್_ರೀಲ್
ಎಡಿಟಿಗೆ ಟೆಂಪ್ ಟ್ರ್ಯಾಕ್ (ತಾತ್ಕಾಲಿಕವಾಗಿ ಇಟ್ಟ ಬೇರೆಯವರ ಮ್ಯೂಸಿಕ್) ಏನು ಹಾಕಿದ್ದರು? ಯಾವುದೋ ಇಂಗ್ಲಿಷ್ ಸಿನಿಮಾದ್ದೇ ಇರಬೇಕು. ಆರು ತಿಂಗಳು ಅದನ್ನೇ ಕೇಳಿದ ಡೈರೆಕ್ಟರಿಗೆ ಬೇರೇನು ಕೊಟ್ಟರೂ ರುಚಿಸಲ್ಲ, ಕೊನೆಗೆ "ಅದೇ ತರ, ಆದರೆ ಬೇರೆ" ಅಂತಾರೆ.

ತೀರ್ಥಹಳ್ಳಿ_ಟ್ಯೂನ್
ಹೂಂ, ಹಾಕಿದ್ದರು. ಅದೇ ಮಾತನ್ನ ಅವರೂ ಹೇಳಿದರು, ಶಬ್ದವೂ ಬದಲಾಗಿಲ್ಲ!

ಸಾವ್ಟೂತ್_ಸಾಗರ
ಟೆಂಪ್ ಟ್ರ್ಯಾಕಿನ ಟೆಂಪೊ ಮತ್ತು ಎಲ್ಲಿ ಏರುತ್ತೆ, ಎಲ್ಲಿ ಇಳಿಯುತ್ತೆ ಅನ್ನೋದನ್ನ ಮಾತ್ರ ಬರೆದುಕೊಳ್ಳಿ. ಆಮೇಲೆ ಸೆಷನ್ನಿನಿಂದ ಅಳಿಸಿಬಿಡಿ. ಮತ್ತೆ ಕೇಳಿದರೆ ಕೈ ತಾನಾಗೇ ಆ ರಾಗಕ್ಕೆ ಹೋಗುತ್ತೆ.

ದುರ್ಗಿಗುಡಿ_ದಾವೆ
ಮ್ಯೂಸಿಕ್ ಗೊತ್ತಿಲ್ಲ, ಕಾನೂನು ಗೊತ್ತು. ಅಗ್ರಿಮೆಂಟ್ ಆಗಿದೆಯಾ? ಗೆಳೆಯರ ಸಿನಿಮಾ ಅಂತ ಸುಮ್ಮನಿರಬೇಡಿ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವುದನ್ನು ಬಿಟ್ಟು ಬೇರೆ ಕಡೆ ನಿಮ್ಮ ಮ್ಯೂಸಿಕ್ ಬಳಕೆಯಾದರೆ ರಾಯಲ್ಟಿಯಲ್ಲಿ ಸಮಪಾಲು ನಿಮ್ಮದು. ಆ ಹಕ್ಕನ್ನ ನಿರ್ಮಾಪಕರಿಗೆ ಬರೆದುಕೊಡಲು ನೀವೇ ಒಪ್ಪಿದರೂ ಅದು ನಿಲ್ಲಲ್ಲ. ಐಪಿಆರ್‌ಎಸ್ (ಸಂಗೀತಗಾರರ ರಾಯಲ್ಟಿ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯರಾಗಿ.

ತೀರ್ಥಹಳ್ಳಿ_ಟ್ಯೂನ್
ಸರ್, ಇನ್ನೂ ಊಟ, ಪೆಟ್ರೋಲ್ ಲೆಕ್ಕದಲ್ಲೇ ನಡೆಯುತ್ತಿದೆ. ಬರೆಸುತ್ತೇನೆ.

ಗೋಪಿಸರ್ಕಲ್_ಗುಂಡ
ಬೆಂಗಳೂರಿಗೆ ಹೋಗದೆ ಇದೆಲ್ಲ ಆಗುತ್ತಾ ಅಂತ ನನ್ನ ಅನುಮಾನ.

ಬಿಎಚ್‌ರೋಡ್_ಬೇಸ್
ಯಾಕೆ ಆಗಲ್ಲ? ರವಿ ಬಸ್ರೂರು ಕುಂದಾಪುರ ಪಕ್ಕದ ತಮ್ಮ ಊರಲ್ಲೇ ಸ್ಟುಡಿಯೊ ಇಟ್ಟುಕೊಂಡು ದೇಶಕ್ಕೆಲ್ಲ ಕೇಳಿಸಿದರು. ಅಜನೀಶ್ ಲೋಕನಾಥ್ ನಮ್ಮ ಭದ್ರಾವತಿಯವರು. ಊರಿನ ಮಾತು ಬಿಡು, ಇಂಟರ್‌ನೆಟ್ ನೆಟ್ಟಗಿದ್ದರೆ ಸಾಕು.

ಗೋಪಿಸರ್ಕಲ್_ಗುಂಡ
ಅದೇ ಇಲ್ಲವಲ್ಲ. ಮೇಗರವಳ್ಳಿ ದಾಟಿದ ಮೇಲೆ ಒಂದು ಫೈಲ್ ಕಳಿಸಿ ನೋಡು.

ತೀರ್ಥಹಳ್ಳಿ_ಟ್ಯೂನ್
ಕೊನೆಯದಾಗಿ ಒಂದು. ಗಿಟಾರ್ ಈಗ ಆಂಪ್ ಸಿಮ್ಯುಲೇಟರಿನಲ್ಲಿದೆ (ಆಂಪ್ಲಿಫೈಯರ್ ಅನುಕರಿಸುವ ಸಾಫ್ಟ್‌ವೇರ್). ಕ್ಲೈಮ್ಯಾಕ್ಸಿಗಾದರೂ ನಿಜವಾದ ಆಂಪ್ ಬೇಕು ಅನಿಸುತ್ತಿದೆ. ಶಿವಮೊಗ್ಗದಲ್ಲಿ ಯಾರ ಹತ್ತಿರವಾದರೂ ವಾಲ್ವ್ (ಟ್ಯೂಬ್) ಆಂಪ್ ಇದೆಯಾ?

ಸಾವ್ಟೂತ್_ಸಾಗರ
ಸುಮ್ನೆ ಖರ್ಚು. ಮಳೆ, ಗುದ್ದು, ಮೆಷಿನ್ ಇಷ್ಟರ ನಡುವೆ ಯಾವ ಪ್ರೇಕ್ಷಕನಿಗೂ ವ್ಯತ್ಯಾಸ ಗೊತ್ತಾಗಲ್ಲ.

ಬಿಎಚ್‌ರೋಡ್_ಬೇಸ್
ಪ್ರೇಕ್ಷಕನಿಗೆ ಗೊತ್ತಾಗಲ್ಲ, ನುಡಿಸುವವನಿಗೆ ಗೊತ್ತಾಗುತ್ತೆ. ಪಕ್ಕದಲ್ಲಿ ಕ್ಯಾಬಿನೆಟ್ ಗುಡುಗುತ್ತಿದ್ದರೆ ಕೈ ಬೇರೆಯೇ ತರ ಹೊಡೆಯುತ್ತೆ. ನನ್ನ ಹತ್ತಿರ 30 ವ್ಯಾಟಿನದ್ದು ಒಂದಿದೆ, ಒಂದು ಎಸ್‌ಎಂ57 ಮೈಕೂ ಇದೆ. ಸ್ಪೀಕರ್ ಕೋನಿನ ನಟ್ಟನಡುವೆ ಇಡಬೇಡಿ, ಸ್ವಲ್ಪ ಅಂಚಿನ ಕಡೆ ಸರಿಸಿದರೆ ಕಿರುಚಾಟ ಕಮ್ಮಿ. ಭಾನುವಾರ ವಿನೋಬನಗರಕ್ಕೆ ಬನ್ನಿ, ಆದರೆ ಬೆಳಿಗ್ಗೆ ಹನ್ನೊಂದರ ಒಳಗೆ ಮುಗಿಸಬೇಕು. ಮೇಲಿನ ಮನೆ ಅಜ್ಜಿ ಪೂಜೆಗೆ ಕೂರುತ್ತಾರೆ.

ಮಿಕ್ಸಿಂಗ್_ಮೇಷ್ಟ್ರು
ಆಂಪ್ ಜೊತೆಗೆ ಇಂಟರ್‌ಫೇಸಿನ ಎರಡನೇ ಇನ್‌ಪುಟ್ಟಿನಲ್ಲಿ ನೇರ ಕ್ಲೀನ್ ಸಿಗ್ನಲ್ಲನ್ನೂ ತಗೊಳ್ಳಿ. ಆಂಪ್ ಟೇಕ್ ಕೈಕೊಟ್ಟರೆ ಅದರಿಂದ ಮತ್ತೆ ಮಾಡಬಹುದು.

ಅಡಿಕೆ_ಶೆಡ್
ಭಾನುವಾರ ಅಲ್ಲಿಗೆ ಹೋದರೆ ನಮ್ಮಲ್ಲಿಗೆ ಯಾವಾಗ? ಮೆಷಿನ್ ನಡೆಯೋದು ಈ ವಾರ ಮಾತ್ರ, ಆಮೇಲೆ ಬೇರೆ ಊರಿಗೆ ಬಾಡಿಗೆಗೆ ಹೋಗುತ್ತೆ.

ತೀರ್ಥಹಳ್ಳಿ_ಟ್ಯೂನ್
ಶನಿವಾರ ಮಧ್ಯಾಹ್ನ ನಿಮ್ಮಲ್ಲಿಗೆ ಅಣ್ಣ. ಒಣ ಕಾಯಿ ಒಂದು ಬುಟ್ಟಿ ಬೇರೆ ಎತ್ತಿಡಿ, ಸುರಿಯುವ ಸದ್ದೂ ಬೇಕು.